ಗುಬ್ಬಿಯ ಪಾಲು

ಧನಗೆರೆಯ ದೊಡ್ಡಬಸಮ್ಮ ಮಾತು ಕೊಟ್ಟರೆ ಮುಗಿಯಿತು, ತಪ್ಪುವವಳಲ್ಲ. ಭತ್ತದ್ದೇ ಜೀನನ್ನು ತಿದ್ದಿ ಮಾಡಿದ ಹೊಸ ತಳಿಯೊಂದನ್ನು ಪರೀಕ್ಷೆಗೆಂದು ಅವಳ ಗದ್ದೆಯ ಮೂಲೆಯಲ್ಲಿ ನಾಟಿ ಮಾಡಿಸುವಾಗ ವಿಜ್ಞಾನಿ ಪ್ರೇಮಾ ಒತ್ತಿ ಹೇಳಿದ್ದಳು: ಸರ್ಕಾರದ ಒಪ್ಪಿಗೆ ಸಿಗುವ ತನಕ ಒಂದು ಕಾಳೂ ಆಚೆ ಹೋಗಬಾರದು. ದೊಡ್ಡಬಸಮ್ಮ ಹಾಗೇ ನಡೆದುಕೊಂಡಳು. ಬಿತ್ತನೆಗೆ ಒಂದು ಹಿಡಿ ಕೊಡೆಂದು ಸೆರಗೊಡ್ಡಿದ ಸ್ವಂತ ತಂಗಿಯನ್ನೂ ಬರಿಗೈಲಿ ಕಳಿಸಿ, ಆ ದಿನವೆಲ್ಲ ಊಟ ಸೇರದೆ ಕೂತಿದ್ದಳು.

ಕುಯ್ಲಿನ ಮಾರನೆಯ ದಿನ ಬಂದ ಪ್ರೇಮಾ ಜಗಲಿಯಲ್ಲೇ ನಿಂತುಬಿಟ್ಟಳು. ಸೂರಿನ ಕೆಳಗೆ ಅದೇ ಭತ್ತದ ತೆನೆಗೊಂಚಲು ತೂಗುತ್ತಿತ್ತು.

"ಇದೇನಜ್ಜಿ! ಯಾರಿಗೂ ಕೊಡಬೇಡಿ ಅಂದಿದ್ನಲ್ಲ?"

"ಯಾರ್ಗೂ ಕೊಟ್ಟಿಲ್ಲ ಕಣವ್ವ. ಇದು ಗುಬ್ಬಿ ಪಾಲು. ಮೊದ್ಲು ಕುಯ್ದ ತೆನೆಯ ಗುಬ್ಬಿಗೆ ಕಟ್ಟೋದು ನಮ್ಮತ್ತೆ ಕಾಲ್ದಿಂದ್ಲೂ ಅದೆ."

"ಗುಬ್ಬಿ ಕಚ್ಚಿಕೊಂಡು ಹೋಗಿ ಯಾರ ಗದ್ದೆಲಾದ್ರೂ ಉದುರಿಸಿದ್ರೆ ಅಲ್ಲೂ ಹುಟ್ಟುತ್ತಲ್ಲಜ್ಜಿ!"

ದೊಡ್ಡಬಸಮ್ಮನ ಮುಖ ಸಣ್ಣಗಾಯಿತು. "ಮನುಸ್ರಿಗೆ ಮಾತ್ರ ಅಂದ್ಕಂಡಿದ್ದೆ. ಗುಬ್ಬಿಗೂ ಕಾನೂನು ಅಂತ ಗೊತ್ತಾಗ್ನಿಲ್ಲ ಕಣವ್ವ."

ಅವಳೇ ಮಣೆ ಹಾಕಿಕೊಂಡು ಹತ್ತಿ ನಿಂತು ಗೊಂಚಲಿಗೆ ಕೈ ಚಾಚಿದಳು. ಅಷ್ಟರಲ್ಲಿ ಗುಬ್ಬಿಯೊಂದು ಬಂದು ತೆನೆಗೆ ಜೋತುಬಿದ್ದು ತಿನ್ನತೊಡಗಿತು. ಚಾಚಿದ ಕೈ ಅಲ್ಲೇ ನಿಂತಿತು.

"ತಂಗಿಗೆ ಇಲ್ಲ ಅಂದ ಬಾಯಿ ಇದು," ಎಂದಳು ದೊಡ್ಡಬಸಮ್ಮ, ತಿರುಗಿ ನೋಡದೆ. "ಇದ್ಕೆ ನೀನೇ ಇಲ್ಲ ಅನ್ನು ಮಗಾ."

ಕುಯ್ದ ಭತ್ತ ಒಯ್ಯಲೆಂದು ತಂದಿದ್ದ ಚೀಲದ ಬಾಯಿಯನ್ನು ಗೊಂಚಲಿಗೆಂದು ಬಿಡಿಸಿ ಹಿಡಿದು ಪ್ರೇಮಾ ಕಾದು ನಿಂತಳು, ಗುಬ್ಬಿಯ ಹೊಟ್ಟೆ ತುಂಬುವ ತನಕ.