ಹಳೇ ಅಳತೆ

ತನ್ನ ಹೊಲಿಗೆ ಮೆಷಿನ್ ಅಂಗಡಿಯ ಹಿಂದಿನ ಕೋಣೆಗೆ ಹೋದ ದಿನವೇ ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಗಿತ್ತು. ನಲವತ್ತೆರಡು ವರ್ಷ ಅಂಗಡಿಯ ಮುಂದಿನ ಕಿಟಕಿಯ ಪಕ್ಕ ಬೆಳಕಿಗೆ ಮುಖ ಮಾಡಿ ಕೂತು ಹೊಲಿದವಳು ಅವಳು. ಅಂಥವಳನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಎಬ್ಬಿಸಿ, ಬಟ್ಟೆ ಚೂರುಗಳ ಮೂಟೆಯ ಪಕ್ಕ ಕೂರಿಸಿದ್ದ. ಕಾರಣ ಏನು ಅಂತೀರಿ? ಬಾಯಿ!

ಅದು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ತುಟಿ ಚೂಪಾಗುವುದು, ಅಗಲವಾಗುವುದು, ದವಡೆ ಏನನ್ನೋ ಅಗಿದ ಹಾಗೆ ಆಡುವುದು, ನಾಲಿಗೆ ಸರಕ್ಕನೆ ಇಣುಕಿ ಒಳಗೆ ಹೋಗುವುದು. ಬೇಕೆಂದು ಅವಳು ಮಾಡುತ್ತಿದ್ದದ್ದಲ್ಲ. ಶುರುವಾದಾಗ ಮನೆಯವರೆಲ್ಲ ನಕ್ಕಿದ್ದರು. ಜೀವಮಾನವೆಲ್ಲ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೆಲಸ ಮಾಡಿದವಳಲ್ಲವೇ? "ಸೂಜಿ ಇಲ್ದಿದ್ರೂ ಅಮ್ಮನ ಬಾಯಿ ಸೂಜಿ ಹುಡುಕುತ್ತೆ," ಎಂದು ಮಗ ತಮಾಷೆ ಮಾಡಿದ್ದ. ಅವಳೂ ಜೊತೆಗೆ ನಕ್ಕಿದ್ದಳು. ಈಗ ನೆನೆದರೆ ಆ ನಗುವೇ ಹೊಟ್ಟೆ ಉರಿಸುತ್ತಿತ್ತು. ಆಮೇಲೆ ಹಲ್ಲಿನ ಸೆಟ್ಟು ಸಡಿಲವಿರಬೇಕೆಂದು ಎರಡು ಸಲ ಬದಲಾಯಿಸಿದ್ದಾಯಿತು. ಬಾಯಿ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ.

ಕೊನೆಗೊಂದು ದಿನ, ಕೋಟು ಹೊಲಿಸಲೆಂದು ಅಳತೆ ಕೊಡುತ್ತಿದ್ದ ಶಾಲೆಯ ಮೇಡಂ ಒಬ್ಬರು ಟೇಪು ಕಿತ್ತು ಬಿಸಾಕಿದರು. "ನನ್ನ ಸೊಂಟ ನೋಡಿ ಅಣಕಿಸ್ತಾರಲ್ರೀ ನಿಮ್ಮಮ್ಮ!" ಎಂದು ಮಗನ ಮೇಲೆ ಕೂಗಾಡಿ ಹೋದರು. ಮಾರನೇ ದಿನವೇ ಮೆಷಿನ್ ಒಳಗೆ ಹೋಯಿತು.

"ಸ್ವಲ್ಪ ದಿನ ಅಷ್ಟೇ ಅಮ್ಮ," ಎಂದಿದ್ದ ಮಗ. ಆ ಸ್ವಲ್ಪ ದಿನಕ್ಕೆ ಐದು ತಿಂಗಳು ತುಂಬಿತು. ಒಳಗೆ ಬರೀ ಗುಂಡಿ ಹಾಕುವುದು, ಅಂಚು ಮಡಿಸುವುದು. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅಳತೆ ತೆಗೆಯುವುದು ಅವಳಿಗೆ ಪ್ರಾಣ. ಅದೇ ಕೈತಪ್ಪಿ ಹೋಗಿತ್ತು.

ಆ ತಿಂಗಳು, ಹೊಟ್ಟೆ ತೊಳಸುವುದಕ್ಕೆಂದು ಅವಳು ನುಂಗುತ್ತಿದ್ದ ಮಾತ್ರೆ ಬರೆಸಿಕೊಳ್ಳಲು ಅಮ್ಮ, ಮಗ ಆಸ್ಪತ್ರೆಗೆ ಹೋದರು. ಹಳೇ ಡಾಕ್ಟರು ನಿವೃತ್ತರಾಗಿದ್ದರು. ಅವರ ಕುರ್ಚಿಯಲ್ಲಿ ಹೊಸ ಡಾಕ್ಟರಮ್ಮ ಕೂತಿದ್ದರು.

"ಅದೇ ವಾಂತಿ ಮಾತ್ರೆ ಬರ್ದುಕೊಟ್ಬಿಡಿ ಮೇಡಂ, ಅಂಗಡಿ ಬಿಟ್ಟು ಬಂದಿದೀನಿ," ಎಂದು ಮಗ ಚೀಟಿ ಚಾಚಿದ.

ಡಾಕ್ಟರಮ್ಮ ಚೀಟಿ ಮುಟ್ಟದೆ ಅವಳ ಮುಖವನ್ನೇ ನೋಡಿದರು. "ಬಾಯಲ್ಲಿ ಏನಾದ್ರೂ ಇದೆಯಾ ಅಮ್ಮ?"

"ಹಲ್ಲಿದೆ. ಅದೂ ನಂದಲ್ಲ."

"ಅಭ್ಯಾಸ ಮೇಡಂ," ಮಗ ನಡುವೆ ಬಾಯಿ ಹಾಕಿದ. "ಸೂಜಿ ಕಚ್ಚಿ ಕಚ್ಚಿ..."

"ನಿಮ್ಮನ್ನ ಕೇಳ್ಲಿಲ್ಲ," ಎಂದರು ಡಾಕ್ಟರಮ್ಮ. ಟೈಲರಮ್ಮನಿಗೆ ಅವರು ಅಲ್ಲೇ ಹಿಡಿಸಿಬಿಟ್ಟರು.

ಹಲ್ಲಿನ ಸೆಟ್ಟು ತೆಗೆಸಿದರು, ಚಪ್ಪಲಿ ಬಿಡಿಸಿದರು, ನಾಲಿಗೆ ಚಾಚಿಸಿದರು. ಹೆಬ್ಬೆರಳಿಗೆ ಒಂದೊಂದೇ ಬೆರಳನ್ನು ಬೇಗ ಬೇಗ ಮುಟ್ಟಿಸಿ ಅಂದರು. ಬೆರಳು ಆಡತೊಡಗಿದ್ದೇ ತಡ, ಬಾಯಿಯ ಕುಣಿತ ಎರಡು ಪಟ್ಟಾಯಿತು.

"ಈ ಮಾತ್ರೆ ಎಷ್ಟು ದಿನದಿಂದ ತಗೊಳ್ತಿದೀರಿ?"

"ನಾಲ್ಕು ವರ್ಷ."

ಮಗ ಫೈಲಿನ ತಳದಿಂದ ಮೊದಲ ಚೀಟಿ ತೆಗೆದ. ಅದರಲ್ಲಿ ಹದಿನೈದು ದಿನಕ್ಕೆ ಎಂದಿತ್ತು. ಅದರ ಮೇಲಿನ ಚೀಟಿಗಳಲ್ಲೆಲ್ಲ ಒಂದೇ ಮಾತು: ಅದೇ ಮುಂದುವರಿಸಿ.

"ಬಾಯಿ ಹೀಗಾಗಿರೋದು ಈ ಮಾತ್ರೆಯಿಂದ್ಲೇ ಅಂತ ಕಾಣುತ್ತೆ," ಎಂದರು ಡಾಕ್ಟರಮ್ಮ. "ತುಂಬ ದಿನ ತಗೊಂಡ್ರೆ ಹೀಗಾಗುತ್ತೆ. ವಯಸ್ಸಾದವರಿಗೆ, ಅದ್ರಲ್ಲೂ ಹೆಂಗಸರಿಗೆ ಇನ್ನೂ ಜಾಸ್ತಿ. ಇಷ್ಟು ವರ್ಷ ಕೊಡಬಾರ್ದಿತ್ತು."

ಟೈಲರಮ್ಮನ ಕಣ್ಣು ಕೆಂಪಗಾದವು. "ನೋಡಿ ಡಾಕ್ಟ್ರಮ್ಮ, ಹೋದ ತಿಂಗಳು ಬಂದ ಗಿರಾಕಿ ಈ ತಿಂಗಳು ಬಂದ್ರೂ ನಾನು ಮತ್ತೆ ಟೇಪು ಹಿಡೀತೀನಿ. ಹಳೇ ಅಳತೆಗೆ ಕತ್ತರಿ ಹಾಕಿದವರ ಕಿವಿ ಹಿಂಡಿದೀನಿ, ಇವನದ್ದೂ ಸೇರಿ. ಬರೀ ಬಟ್ಟೆಗೆ ಇಷ್ಟು! ಆ ಮಹಾರಾಯ ನಾಲ್ಕು ವರ್ಷ ಬರೀತಾನೇ ಇದ್ನಲ್ಲ, ಒಂದು ದಿನ ತಲೆ ಎತ್ತಿ ನನ್ನ ಮುಖ ನೋಡ್ಬಾರ್ದಿತ್ತಾ? ಕಣ್ಣೇನು ಅಡ ಇಟ್ಟಿದ್ನಾ?"

ಸಿಟ್ಟು ಏರಿದಂತೆ ಬಾಯಿ ಇನ್ನೂ ಜೋರಾಗಿ ಆಡಿತು. ಅದರಿಂದ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಹೋಗುತ್ತಾ ಇದು?" ಎಂದು ಕೊನೆಗೆ ಕೇಳಿದಳು.

"ಹೋಗಬಹುದು, ಕಮ್ಮಿ ಆಗಬಹುದು, ಉಳೀಲೂಬಹುದು. ಸುಳ್ಳು ಹೇಳಲ್ಲ. ಮಾತ್ರೆ ಇಳಿಸ್ತಾ ಬಂದು ನಿಲ್ಲಿಸೋಣ. ಮೊದಮೊದಲು ಜಾಸ್ತಿ ಆದ್ರೂ ಹೆದರ್ಬೇಡಿ. ಪ್ರತಿ ತಿಂಗಳು ನಾನೇ ನೋಡ್ತೀನಿ. ಉಳಿದ್ರೆ ಅದಕ್ಕೂ ಔಷಧಿ ಇದೆ, ಆಗ ಯೋಚನೆ ಮಾಡೋಣ. ಬಾಯಲ್ಲಿ ಸೂಜಿ ಮಾತ್ರ ಇಟ್ಕೋಬೇಡಿ, ನುಂಗಿಬಿಡ್ತೀರಿ."

ಅಂಗಡಿಯ ಬೀದಿ ತಿರುಗುವಾಗ ಮಗ, "ಆ ಮಾತ್ರೇನ ಒಂದು ತಿಂಗಳೂ ತಪ್ಪಿಸ್ದೆ ನಾನೇ ತಂದ್ಕೊಟ್ಟೆನಲ್ಲಮ್ಮ," ಎಂದ. ಅವಳಿಗೆ ಅವನ ಮೇಲೆ ಮರುಕವಾಯಿತು. ಆದರೆ ಸಿಟ್ಟು ಇಳಿಯಲಿಲ್ಲ.

"ಮೆಷಿನ್ ಎತ್ತು," ಎಂದಳು, ಅಂಗಡಿಯ ಬಾಗಿಲು ತೆರೆದದ್ದೇ.

"ಅಮ್ಮ, ಗಿರಾಕಿಗಳು ಏನಂತಾರೆ..."

"ಕೇಳಿದವ್ರಿಗೆ ನಾನೇ ಹೇಳ್ತೀನಿ, ಮಾತ್ರೆ ಮಾಡಿದ ಕೆಲ್ಸ ಅಂತ. ನಾಚಿಕೆ ಪಡ್ಬೇಕಾದವಳು ನಾನಲ್ಲ. ಎತ್ತು!"

ಅವನು ಏದುಸಿರು ಬಿಡುತ್ತಾ ಮೆಷಿನ್ನನ್ನು ಕಿಟಕಿಯ ಪಕ್ಕಕ್ಕೆ ತಂದಿಟ್ಟ. ಕಲಿಯುವವರಿಗೆ ಲಾಯಕ್ಕು ಎಂದು ಇಷ್ಟು ವರ್ಷ ಹೀಯಾಳಿಸಿದ್ದ, ಸೂಜಿ ಚುಚ್ಚಿಡುವ ಪುಟ್ಟ ದಿಂಬನ್ನು ಅವಳು ಮುಂಗೈಗೆ ಕಟ್ಟಿಕೊಂಡಳು. ಟೇಪು ಎತ್ತಿಕೊಂಡಳು.

"ನಿಲ್ಲು ಇಲ್ಲಿ. ಅಳತೆ ತಗೋಬೇಕು."

"ನಂದಾ? ನನ್ನ ಅಳತೆ ನಿನಗೆ ಗೊತ್ತಿರೋದೇ ಅಲ್ವೇನಮ್ಮ?"

"ಗೊತ್ತು ಗೊತ್ತು ಅಂದ್ಕೊಂಡೇ ಈ ಗತಿ ಆಗಿದ್ದು. ಕೈ ಎತ್ತು."

ಅವನ ಸೊಂಟ, ಅಳತೆ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಮೂರು ಇಂಚು ಹೆಚ್ಚಿತ್ತು. ಎಡಭುಜ ಒಂದಿಷ್ಟು ಜಗ್ಗಿತ್ತು. ಅದು ಯಾವಾಗ ಜಗ್ಗಿತೋ ಅವಳಿಗೂ ಗೊತ್ತಾಗಿರಲಿಲ್ಲ. ಕೊರಳಿನ ಅಳತೆಗೆಂದು ಹತ್ತಿರ ಬಂದಾಗ ಮಗ ಎಂದಿನಂತೆ ಮುಖ ಪಕ್ಕಕ್ಕೆ ತಿರುಗಿಸಿದ. ಐದು ತಿಂಗಳಿಂದ ಅವನು ಮಾಡುತ್ತಿದ್ದದ್ದು ಅದನ್ನೇ.

"ಈ ಕಡೆ ತಿರುಗು," ಎಂದು ಗದರಿದಳು. "ನನ್ನ ಬಾಯಿ ನೋಡು. ಸರಿಯಾಗಿ ನೋಡು. ಮುಂದಿನ ತಿಂಗಳು ಕಮ್ಮಿ ಆಯ್ತೋ ಜಾಸ್ತಿ ಆಯ್ತೋ ಅಂತ ಡಾಕ್ಟ್ರಮ್ಮನಿಗೆ ಹೇಳ್ಬೇಕಾದವನು ನೀನು."

ಮಗ ತಿರುಗಿ ನೋಡಿದ. ಅವಳು ಟೇಪು ಬಿಗಿ ಹಿಡಿದು, ಅವನು ಕಣ್ಣು ತಪ್ಪಿಸದಂತೆ ಹಾಗೆಯೇ ನಿಂತಳು.