ದಾದಿಯ ಉಡಿ

ಚಿಂಚಲಿಯ ಮನೆಯಲ್ಲಿ ಬೆಳಗಿನಿಂದ ಮೊಮ್ಮಗಳು ಮೆಹೆಕಳಿಗೆ ಭೇದಿ. "ನೀರ ಕೊಡಬ್ಯಾಡ, ಇನ್ನಷ್ಟ ಹೋಗತೈತಿ" ಎಂದು ಜನ್ನತಬಿ ಸೊಸೆಯನ್ನು ತಡೆದಿದ್ದಳು. ಮಧ್ಯಾಹ್ನ ಸೊಸೆಯ ತಾಯಿ ರೋಶನಬಿ ಅಥಣಿಯಿಂದ ಬಂದಿಳಿದಳು. "ಹೋದಷ್ಟೂ ನೀರ ತುಂಬಬೇಕರಿ" ಎಂದವಳೇ, ಕಾಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪಾಕೀಟು ಕಲಸಿ ಚಮಚದಿಂದ ಕುಡಿಸತೊಡಗಿದಳು. ಬಾಡಿದ ಕೂಸು ಕಣ್ಣು ತೆರೆದು ತಾಯಿಯ ತಾಯಿಯನ್ನು ನೋಡಿ "ನಾನಿ" ಎಂದಿತು.

ಜನ್ನತಬಿ ಮುಖ ತಿರುವಿದಳು. ಹಗಲಿರುಳು ಎತ್ತಿ ಆಡಿಸಿದವಳು ಅಪ್ಪನ ತಾಯಿ, ದಾದಿಯಾದ ತಾನು, ಹೆಸರು ಮಾತ್ರ ಬಸ್ಸಿಳಿದು ಬಂದವಳಿಗೆ!

ರೋಶನಬಿ ನಮಾಜಿಗೆ ಎದ್ದದ್ದೇ ತಡ, ಜನ್ನತಬಿ ಇನ್ನೊಂದು ಪಾಕೀಟನ್ನು ಸಣ್ಣ ಲೋಟದ ನೀರಿಗೆ ಸುರಿದಳು. ಬೀಗತಿಯದಕ್ಕಿಂತ ಗಟ್ಟಿ ಇದ್ದರೆ ಬೇಗ ಗುಣವಾದೀತು, ಆಗ ಹೆಸರು ತನ್ನದೇ. ಲೋಟ ಮಗುವಿನ ತುಟಿಗೆ ತಾಗುವಷ್ಟರಲ್ಲಿ ರೋಶನಬಿ ಬಂದು ಕೈ ಹಿಡಿದಳು.

"ಅಷ್ಟ ಗಟ್ಟಿ ಮಾಡಿದ್ರ ಉಪ್ಪ ಹೆಚ್ಚಾಗಿ ಕೂಸಿಗೆ ಅಪಾಯರಿ ಬೀಗತಿ. ಚೆಲ್ಲರಿ ಅದನ್ನ."

"ನೀವ ಕಲಸಿದ್ದಷ್ಟ ಮಕ್ಕಾದ ಝಮ್‌ಝಮ್ ನೀರೇನ್ರಿ?"

"ಅಲ್ಲ ಬಿಡ್ರಿ. ಸಾಬೂನ ಹಚ್ಚಿ ಕೈ ತೊಳಕೊಂಡ ಬರ್ರಿ, ನೀವ ಕುಡಸ್ರಿ."

ಜನ್ನತಬಿ ಸಿಟ್ಟಿನಲ್ಲೇ ಕೈ ತೊಳೆದಳು. ಮೆಹೆಕಳನ್ನು ಉಡಿಯಲ್ಲಿ ಕೂರಿಸಿಕೊಂಡು, ಬೀಗತಿ ಕಲಸಿದ್ದ ನೀರನ್ನೇ ಚಮಚ ಚಮಚವಾಗಿ ಕುಡಿಸಿದಳು. ಸಂಜೆ ಹೊತ್ತಿಗೆ ಅವಳ ಸೀರೆ ಬೆಚ್ಚಗೆ ಒದ್ದೆಯಾಯಿತು. ಬೆಳಗಿನಿಂದ ಉಚ್ಚೆಯನ್ನೇ ಹೊಯ್ಯದಿದ್ದ ಕೂಸು!

"ಮೈಗೆ ನೀರ ಹಿಡೀತ್ರಿ, ಅರ್ಧ ಚಿಂತಿ ಹೋತು" ಎಂದು ರೋಶನಬಿ ನಕ್ಕಳು.

ಜನ್ನತಬಿ ಸೆರಗು ಹಿಂಡುತ್ತ ಎದೆಯುಬ್ಬಿಸಿದಳು. "ಅದೆಲ್ಲಾ ಇರಲಿ, ಹೊಯ್ದದ್ದ ಯಾರ ಉಡ್ಯಾಗ ಹೇಳ್ರಿ? ದಾದಿ ಉಡ್ಯಾಗ!"