ಇಸ್ತ್ರಿ ಹಾಕದ ಗೆರೆ

"ನಿನ್ನಪ್ಪ ನೀರೊಳಗೆ ಕೂತು ಕಾವ್ಯ ಹೇಳ್ತಿದ್ದಾರಲ್ಲ ಬುರುಲ್ಚಾ," ಅಂದ ಮೇದೆತ್. ಅವಳ ಕುರ್ಚಿಯ ಹಿಂದೆ ನಿಂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ. "ಆ ಕೈ ನೋಡು. ಕೈಯಲ್ಲ ಅದು, ಮೀನಿನ ರೆಕ್ಕೆ."

ಪರದೆಯ ಮೇಲೆ ಬೂದುಬಣ್ಣದ ಒಂದು ಬೊಂಬೆ ಕೂತಿತ್ತು. ಗಡ್ಡ, ಟೋಪಿ, ನಿಲುವಂಗಿ ಯಾವುದೂ ಇನ್ನೂ ಬಂದಿರಲಿಲ್ಲ. ಆದರೆ ಮೈ ಮಾತ್ರ ಅವಳ ಅಪ್ಪ ಶಾರ್ಶೆನ್ ಅವರದೇ. ಹೋದ ತಿಂಗಳು ಅವರ ಬೆನ್ನು, ತೋಳು, ಬೆರಳುಗಳಿಗೆಲ್ಲ ಪುಟ್ಟ ಬಿಳಿ ಗುಂಡುಗಳನ್ನು ಅಂಟಿಸಿ, ಸುತ್ತಲೂ ಕ್ಯಾಮೆರಾ ನಿಲ್ಲಿಸಿ, ಅವರು ಕಾವ್ಯ ಹೇಳಿದ್ದನ್ನು ಹಿಡಿದಿಟ್ಟುಕೊಂಡಿದ್ದರು. ಆ ಕ್ಯಾಮೆರಾಗಳಿಗೆ ಮುಖ ಬೇಕಿಲ್ಲ, ಗುಂಡುಗಳ ಓಡಾಟ ಸಾಕು. ಅದೇ ಓಡಾಟ ಸ್ಟುಡಿಯೋ ಮಾಡುತ್ತಿದ್ದ ಸಿನಿಮಾದಲ್ಲಿ ಕಥೆ ಹೇಳುವ ಮುದುಕನದಾಗಬೇಕಿತ್ತು.

"ಇಸ್ತ್ರಿ ಸ್ವಲ್ಪ ಜಾಸ್ತಿ ಆಯ್ತೇನೋ," ಅಂದಳು ಬುರುಲ್ಚಾ.

"ಸ್ವಲ್ಪಾನಾ? ಅಂಗಿಯೇ ಸುಟ್ಟುಹೋಗಿದೆ ಕಣೇ."

ಇಸ್ತ್ರಿ ಅನ್ನುವುದು ಆ ಮೂರನೇ ಮಹಡಿಯವರ ಮಾತು. ಒಂದೊಂದು ಗುಂಡಿನ ಓಡಾಟವೂ ಯಂತ್ರದಲ್ಲಿ ಒಂದೊಂದು ಗೆರೆಯಾಗಿ ಉಳಿಯುತ್ತದೆ. ಗುಂಡು ಅದುರಿದರೆ ಗೆರೆಗೆ ಮುಳ್ಳೇಳುತ್ತದೆ. ಮುಳ್ಳು ಸವರಿ ನುಣುಪು ಮಾಡುವುದೇ ಇಸ್ತ್ರಿ.

ಬಿಷ್ಕೆಕ್‌ನ ಹಳೇ ಬೂಟು ಕಾರ್ಖಾನೆಯ ಮೂರನೇ ಮಹಡಿ ಅದು. ಬೋರ್ಡು ಹಾಕಿಸುವ ಮಾತು ಪ್ರತಿ ವರ್ಷ ಎದ್ದು ಪ್ರತಿ ವರ್ಷ ಕೂರುತ್ತಿದ್ದುದರಿಂದ ಸ್ಟುಡಿಯೋದ ಹೆಸರೂ ಮೂರನೇ ಮಹಡಿ ಅಂತಲೇ ಆಗಿಬಿಟ್ಟಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಮೇದೆತ್ ಅಲ್ಮಾಟಿಯಿಂದ ಎರಡು ಕಂಪ್ಯೂಟರುಗಳನ್ನು ರಜಾಯಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಎಷ್ಟು ತಿಂಗಳ ಕೂಸು ಅಂತ ಪಕ್ಕದ ಹೆಂಗಸು ಕೇಳಿದ್ದಳಂತೆ. ಮೊದಲ ಕೆಲಸ, ಹಣ್ಣಿನ ರಸ ಮಾರುವವನಿಗೆ ಕುಣಿಯುವ ಒಂದು ಗಜ್ಜರಿ. ಗಜ್ಜರಿಯ ಕಾಲು ನೆಲದೊಳಗೆ ಹೂತುಹೋಗಿತ್ತು. ಬೇಕೆಂದೇ ನೆಟ್ಟಿದ್ದಾರೆ ಅಂದುಕೊಂಡ ಆತ, ಖುಷಿಯಾಗಿ ಒಂದು ಟೊಮೇಟೊ ಕೂಡ ಮಾಡಿಕೊಡಿ ಅಂದ. ಆಮೇಲೆ ವರ್ಷಾನುಗಟ್ಟಲೆ ಬೇರೆಯವರ ಕೆಲಸ: ಮಾಸ್ಕೋದ ಧಾರಾವಾಹಿಗಳಿಗೆ ಹಿಮ ಸುರಿಸುವುದು, ಚೀನಾದ ಸಿನಿಮಾಗಳಲ್ಲಿ ಹಾರುವವರ ಸೊಂಟದ ಹಗ್ಗ ಅಳಿಸುವುದು. ಹಗ್ಗ ಅಳಿಸಲೆಂದೇ ಬುರುಲ್ಚಾ ಸೇರಿದ್ದು. ಅವಳು ಅಳಿಸಿದಲ್ಲಿ ಹಗ್ಗವಿತ್ತು ಅಂತ ಕಟ್ಟಿದವನಿಗೂ ನೆನಪಾಗುತ್ತಿರಲಿಲ್ಲ. ಈಗ ಮೊದಲ ಸಲ ಅವರದೇ ಸಿನಿಮಾ.

"ಇಸ್ತ್ರಿಗೆ ಮುಂಚೆ ಗೆರೆ ಹೇಗಿತ್ತು?"

"ನೋಡಿಲ್ಲ ಅಣ್ಣ."

"ನೋಡದೇ ಉಜ್ಜಿದ್ಯಾ?"

"ಅಪ್ಪಂಗೆ ಮಾತು ಕೊಟ್ಟಿದ್ದೆ, ನಡುಕ ಒಂದು ಚೂರೂ ಉಳಿಯಲ್ಲ ಅಂತ. ಅದನ್ನ ಬೇರೆ ದೊಡ್ಡದು ಮಾಡಿ ನೋಡ್ಲಾ?"

ಮೇದೆತ್ ಬೀಜ ಸುಲಿಯುವುದನ್ನು ನಿಲ್ಲಿಸಿದ.

ಶಾರ್ಶೆನ್ ಅವರಿಗೆ ಕಾವ್ಯ ಬಂದದ್ದು ಕನಸಿನಲ್ಲಿ. ಎಳೆಯ ವಯಸ್ಸಿನಲ್ಲಿ ಒಮ್ಮೆ ಕುರಿ ಕಾಯುತ್ತ ನಿದ್ದೆಹೋದಾಗ ಬಿಳಿ ಗಡ್ಡದವರೊಬ್ಬರು ಬಂದು ಬಾಯಿಗೆ ಒಂದು ಹಿಡಿ ನವಣೆ ಹಾಕಿದರಂತೆ, ಎದ್ದವರೇ ಹೇಳತೊಡಗಿದರು. ಹೀಗೆ ಬಂದದ್ದನ್ನು ಹೇಳದೆ ಒಳಗಿಟ್ಟುಕೊಂಡವರನ್ನು ಕಾಯಿಲೆ ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಅವರು ಎಂದೂ ಒಳಗಿಟ್ಟುಕೊಂಡವರಲ್ಲ. ಆದರೂ ಎರಡು ವರ್ಷದ ಹಿಂದೆ ಬಲಗೈ ಅದುರತೊಡಗಿತು. ಕಾವ್ಯ ಹೇಳುವವರಿಗೆ ಕೈಯೆಂದರೆ ಅರ್ಧ ಬಾಯಿ. ಕುದುರೆ ಓಡುವುದು, ಈಟಿ ಎದ್ದು ಬೀಳುವುದು, ಹೊಳೆ ದಾಟುವುದು ಎಲ್ಲವೂ ಕೈಯಲ್ಲೇ. ನರಿನ್‌ನ ಒಂದು ಮದುವೆಯಲ್ಲಿ ಅವರು ಎಂದಿನಂತೆ ಕಣ್ಣು ಮುಚ್ಚಿ ಹೇಳಿದರು. ಮುಗಿಸಿ ಕಣ್ಣು ಬಿಟ್ಟಾಗ ಅಷ್ಟೂ ಜನ ತಲೆ ತಗ್ಗಿಸಿ ಊಟಕ್ಕೆ ಹಾಸಿದ ಬಟ್ಟೆಯನ್ನು ನೋಡುತ್ತಿದ್ದರು.

"ಕೊಟ್ಟವನು ವಾಪಸ್ ತಗೊಳ್ತಿದ್ದಾನೆ," ಅಂದಿದ್ದರು ಮನೆಗೆ ಬಂದು. "ಕೊಡುವಾಗ ನನ್ನ ಕೇಳಲಿಲ್ಲ. ತಗೊಳ್ಳುವಾಗ ಯಾಕೆ ಕೇಳ್ತಾನೆ?"

ಅಲ್ಲಿಂದ ಬಾಯಿ ಮುಚ್ಚಿತು. ಸ್ಟುಡಿಯೋಕ್ಕೆ ಬರಲು ಒಪ್ಪಿದ್ದೂ ಮುಖ ಕಾಣುವುದಿಲ್ಲ, ನಡುಕ ಅಳಿಸುತ್ತೇವೆ ಅಂತ ಮಗಳು ಭರವಸೆ ಕೊಟ್ಟಮೇಲೆಯೇ. ಇದು ಕೊನೆಯದು ಅಂತಲೂ ಹೇಳಿದ್ದರು. ಅವತ್ತು ಗುಂಡು ಅಂಟಿಸುವಾಗ ಅವರ ಕೈ ಎಷ್ಟು ಅದುರಿತೆಂದರೆ ಎರಡು ಗುಂಡು ಕಳಚಿ ನೆಲಕ್ಕುರುಳಿದವು. ಹಿರಿಯರು ನಾಚಬಾರದೆಂದು ಎಲ್ಲರೂ ಆಚೆ ತಿರುಗಿದರು. ಹೇಳಿ ಮುಗಿಯುವವರೆಗೂ ತಿರುಗಿಯೇ ಇದ್ದರು.

"ನಾನು ಚಾವಣಿ ನೋಡ್ತಿದ್ದೆ," ಅಂದ ಮೇದೆತ್ ಈಗ. "ಬಿರುಕು ಎಲ್ಲೆಲ್ಲಿದೆ ಅಂತ ಬೇಕಾದ್ರೆ ಹೇಳ್ತೀನಿ." ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡ. "ತೆರೆದು ನೋಡು ತಂಗಿ. ನಾನು ಆಚೆ ಹೋಗಿರ್ತೀನಿ."

ಬುರುಲ್ಚಾ ಬಿಸ್ಮಿಲ್ಲಾ ಅಂದು ಇಸ್ತ್ರಿಯನ್ನೆಲ್ಲ ತೆಗೆದಳು. ಬಲಗೈಯ ಗೆರೆ ಹಾಗೇ ಬಂದು ನಿಂತಿತು. ಮೊದಲಿಗೆ ಬರೀ ಮುಳ್ಳು, ಉದ್ದಕ್ಕೂ ಮುಳ್ಳು. ಅಪ್ಪ ಕಾಯುತ್ತ ಕೂತ ಹೊತ್ತು ಅದು. ಆಮೇಲೆ ಒಂದು ಕಡೆ ಮುಳ್ಳು ತಟ್ಟನೆ ನಿಂತಿತ್ತು. ಅಲ್ಲಿಂದ ಗೆರೆ ಏರಿತು, ಇಳಿಯಿತು, ಬಾಗಿತು. ಒಂದು ಕಡೆಯೂ ಅದುರಿರಲಿಲ್ಲ. ಅವಳು ದನಿಯನ್ನು ಜೊತೆಗೆ ಹಾಕಿ ನೋಡಿದಳು. ಮುಳ್ಳು ನಿಂತದ್ದು ಮೊದಲ ಪದಕ್ಕೆ. ಮತ್ತೆ ಎದ್ದದ್ದು ಕೊನೆಯ ಪದ ಮುಗಿದ ಮೇಲೆ.

"ಇದನ್ನ ಯಾರಾದ್ರೂ ಮುಟ್ಟಿದ್ರಾ?" ಎದ್ದು ನಿಂತು ಕೂಗಿದಳು.

"ನಿಮ್ಮಪ್ಪನ ಗೆರೆ ಮುಟ್ಟೋ ಧೈರ್ಯ ಯಾರಿಗಿದೆ?" ಅಂತ ಆ ಮೂಲೆಯಿಂದ ಯಾರೋ ಅಂದರು. "ಶಾಪ ಹಾಕಿದ್ರೆ ಅದೂ ಪ್ರಾಸದಲ್ಲೇ ಇರುತ್ತೆ."

ಮಾರನೇ ದಿನ ಮಧ್ಯಾಹ್ನದ ನಮಾಜು ಮುಗಿಸಿಕೊಂಡು ಶಾರ್ಶೆನ್ ಮಗಳ ಜೊತೆ ಮೆಟ್ಟಿಲು ಹತ್ತಿದರು. ಬಲಗೈ ಕೋಟಿನ ಜೇಬಿನಲ್ಲಿತ್ತು.

"ಬೂಟು ಮಾಡೋರು ದಿನಾ ಇಷ್ಟು ಹತ್ತುತ್ತಿದ್ರಾ? ಇಲ್ಲೇ ಅರ್ಧ ಸವೆಸಿ ನಮಗೆ ಮಾರ್ತಿದ್ರು ಅನ್ನು."

ಮೇದೆತ್ ಎರಡೂ ಕೈಯಿಂದ ಅವರ ಎಡಗೈ ಹಿಡಿದು ಬರಮಾಡಿಕೊಂಡು, ಕಿಟಕಿಯ ಪಕ್ಕ ಕೂರಿಸಿ, ಹಾಲು ಬೆರೆಸಿದ ಬಿಸಿ ಚಹಾ ಕೊಟ್ಟ. ಅದನ್ನು ಹಿಡಿಯಲು ಬಲಗೈ ಜೇಬಿನಿಂದ ಹೊರಬರಲೇಬೇಕಾಯಿತು. ಕಪ್ಪಿನೊಳಗಿನ ಚಮಚ ಕಿಣಿಕಿಣಿ ಅಂದಿತು. ಮೇದೆತ್‌ನ ಕಣ್ಣು ತಾನಾಗಿಯೇ ಚಾವಣಿಗೆ ಹೋಯಿತು.

"ಇದೇನು, ಬೆಟ್ಟಾನಾ?" ಅಂದರು ಮುದುಕರು ಪರದೆ ನೋಡಿ.

"ನಿಮ್ಮ ಬಲಗೈ ಅಪ್ಪ. ಇಲ್ಲಿ ಮುಳ್ಳುಮುಳ್ಳಾಗಿದೆಯಲ್ಲ, ಆಗ ನೀವು ಸುಮ್ಮನೆ ಕೂತಿದ್ರಿ. ಇಲ್ಲಿ ಶುರುಮಾಡಿದ್ರಿ. ಇದು ಕುದುರೆ ಹೊಳೆಗಿಳಿಯೋದು. ಇದು ದಡ ಹತ್ತೋದು. ನೋಡಿ, ಎಲ್ಲಾದ್ರೂ ಅದುರಿದೆಯಾ?"

ಅವರು ಬಹಳ ಹೊತ್ತು ನೋಡಿದರು. ಚಮಚ ಕಿಣಿಗುಟ್ಟುತ್ತಲೇ ಇತ್ತು.

"ಇಸ್ತ್ರಿ ಹಾಕಿದ್ದೀಯ."

"ಇಲ್ಲಪ್ಪ. ದೇವರಾಣೆ—"

"ಆಣೆ ಇಡಬೇಡ." ಅವರ ದನಿ ಮೆತ್ತಗಿತ್ತು. "ನಿನ್ನ ತಪ್ಪಲ್ಲ ಮಗಳೇ. ಅಪ್ಪನಿಗೆ ಸಮಾಧಾನ ಆಗಲಿ ಅಂತ ಮಾಡಿದ್ದೀಯ. ನಾನಾಗಿದ್ರೂ ಮಾಡ್ತಿದ್ದೆ. ಅವತ್ತು ನರಿನ್‌ನಲ್ಲಿ ಅಷ್ಟು ಜನ ತಲೆ ತಗ್ಗಿಸಿದ್ರಲ್ಲ, ಅವರೆಲ್ಲ ಸುಳ್ಳಾ?"

"ಅವರು ಶುರುವಿಗೇ ತಗ್ಗಿಸಿರ್ತಾರೆ ತಾತ," ಅಂದ ಮೇದೆತ್ ಚಾವಣಿಯಿಂದ ಕಣ್ಣಿಳಿಸುತ್ತ. "ಆಮೇಲೆ ಎತ್ತಿರೋದೇ ಇಲ್ಲ. ನಾವೂ ಹಾಗೇ ಮಾಡಿದ್ವಿ. ನೀವಂತೂ ಕಣ್ಣು ಮುಚ್ಕೊಂಡಿದ್ರಿ. ನೋಡಿದ್ದು ಈ ಕ್ಯಾಮೆರಾ ಒಂದೇ. ಅದಕ್ಕೆ ಮರ್ಯಾದೆ ಅಂದ್ರೇನು ಅಂತ ಗೊತ್ತಿಲ್ಲ."

ಶಾರ್ಶೆನ್ ನಗಲಿಲ್ಲ. ಕಪ್ಪನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಅದನ್ನೇ ನೋಡಿದರು. ಚಹಾದ ಮೇಲೆ ಸಣ್ಣ ಸಣ್ಣ ಸುತ್ತುಗಳೇಳುತ್ತಿದ್ದವು. ಬುರುಲ್ಚಾ ಅಭ್ಯಾಸದಿಂದ ಮುಖ ತಿರುಗಿಸಹೋಗಿ, ತಡೆದು, ಅಪ್ಪನ ಕೈಯನ್ನೇ ನೋಡುತ್ತ ನಿಂತಳು. ಕೋಣೆಯಲ್ಲಿ ಕೀಲಿಮಣೆಗಳ ಸದ್ದು ಒಂದೊಂದಾಗಿ ನಿಂತಿತು.

ಅವರು ಬಾಯೊಳಗೇ ಏನೋ ಅಂದುಕೊಂಡರು. ಆಮೇಲೆ, ತೀರ ಮೆಲ್ಲಗೆ, ಮಗುವಿಗೆ ಹೇಳುವವರ ಹಾಗೆ, ಕಣ್ಣು ಕಪ್ಪಿನ ಮೇಲೇ ಇಟ್ಟುಕೊಂಡು ಹೇಳಿದರು:

"ಹೊಳೆಯ ದಂಡೆಗೆ ಬಂದ, ಹಿಮದ ಹೊಳಪು ಕಂಡ,
ಸೆಳವ ನೋಡಿ ನಿಂದ, ಕುದುರೆಯ ಬಿಳಿಯ ಬೆನ್ನ ಸವರಿದ..."

ಚಮಚ ಸುಮ್ಮನಾಯಿತು.

ಮುದುಕರು ಇನ್ನೂ ಒಂದು ಸಾಲು ಕಣ್ಣು ಬಿಟ್ಟುಕೊಂಡೇ ಹೇಳಿದರು. ಅದರ ಮುಂದಿನ ಸಾಲಿಗೆ ಕಣ್ಣು ಮುಚ್ಚಿದರು. ದನಿ ಏರಿತು, ಎಡಗೈ ಎದ್ದು ಹೊಳೆಗಿಳಿಯಿತು. ಬಲಗೈ ಕಪ್ಪನ್ನು ಹಿಡಿದುಕೊಂಡಿರುವುದೇ ಅವರಿಗೆ ಮರೆತಂತಿತ್ತು. ಬುರುಲ್ಚಾ ನೋಡುತ್ತಲೇ ಇದ್ದಳು. ಆರುತ್ತಿದ್ದ ಚಹಾದ ಮೇಲೆ ತೆಳ್ಳಗೆ, ಅಂಚಿನಿಂದ ಅಂಚಿಗೆ, ಕೆನೆ ಕಟ್ಟತೊಡಗಿತ್ತು.